ಮೈದಾ ಅಂಟಿನ ತೇಪೆ

ಹರಿಹರದ ಆ ಕಾರ್ಖಾನೆಯಲ್ಲಿ ಮಲ್ಲೇಶಪ್ಪನಿಗೆ ಸಂಬಳ ಕೊಡುತ್ತಿದ್ದದ್ದೇ ಕೆಟ್ಟದ್ದನ್ನು ಯೋಚಿಸುವುದಕ್ಕೆ. ದೂರದ ಸಮುದ್ರ ದಂಡೆಯಿಂದ ಹಾರುವ ರಾಕೆಟ್ಟಿಗೆ ಅಲ್ಲಿ ಆಜ್ಞೆಪೆಟ್ಟಿಗೆ ತಯಾರಾಗುತ್ತಿತ್ತು. ಪೆಟ್ಟಿಗೆಯೊಳಗೆ ಕಾಗದದ ಪಟ್ಟಿ ಓಡುತ್ತದೆ. ಪಟ್ಟಿಯ ಒಂದೊಂದು ತೂತೂ ರಾಕೆಟ್ಟಿಗೆ ಒಂದೊಂದು ಆಜ್ಞೆ. ಎಲ್ಲಿ ಏನು ತಪ್ಪಬಹುದೆಂದು ಮಲ್ಲೇಶಪ್ಪ ಮೊದಲೇ ಹೇಳಬೇಕು. ಹೇಳಿದರೆ ಕೇಳುವವರು ಯಾರು, ಅದು ಬೇರೆ ಮಾತು.

ಈ ಸಲ ‘ಬೆಂಕಿ ಹಚ್ಚು’ ಎನ್ನುವ ತೂತು ಬೇಕಾದ್ದಕ್ಕಿಂತ ಬಹಳ ಮೊದಲೇ ಬಿದ್ದುಬಿಟ್ಟಿತ್ತು. ಹೊಸ ಪಟ್ಟಿಗೆ ತಿಂಗಳುಗಟ್ಟಲೆ ಕಾಯಬೇಕು. ಮೇಲಧಿಕಾರಿ ಭರಮಣ್ಣ ಕ್ಯಾಂಟೀನಿನಲ್ಲಿ ಮೈದಾ ಅಂಟು ಕಾಯಿಸಿ ತರಿಸಿ, ಆ ತೂತಿಗೆ ಕಾಗದದ ತೇಪೆ ಹಚ್ಚಿಸಿದರು. ಬೇಸಿಗೆಯ ಒಣ ಹವೆಗೆ ತೇಪೆ ಗಟ್ಟಿಯಾಗಿ ಕೂತಿತು. ಎಷ್ಟು ಸಲ ಓಡಿಸಿದರೂ ತಪ್ಪಲಿಲ್ಲ. ಪೆಟ್ಟಿಗೆ ತೆಗೆದುಕೊಂಡು ರೈಲು ಹತ್ತಿದವನು ಮಲ್ಲೇಶಪ್ಪನ ತಮ್ಮ ಲಿಂಗಣ್ಣ. ಅಲ್ಲಿ ಪಟ್ಟಿಯ ಮೊದಲ ಭಾಗ ಓಡುತ್ತಿರುವಾಗ ರಾಕೆಟ್ಟಿನ ಬುಡದಲ್ಲಿ ನಿಂತು ತಂತಿ ಪರೀಕ್ಷಿಸುವವನೂ ಅವನೇ.

ಅವನು ಹೋದ ಮೇಲೆ ಒಂದು ಬೆಳಿಗ್ಗೆ, ದಾವಣಗೆರೆಯ ಕೆ.ಬಿ. ಬಡಾವಣೆಯ ಮನೆಯಲ್ಲಿ ಮಲ್ಲೇಶಪ್ಪ ಸ್ನಾನಕ್ಕೆ ಕೂತಿದ್ದ. ಬಚ್ಚಲ ಕಿಟಕಿಯ ಒಡೆದ ಗಾಜಿಗೆ ಅದೇ ಕ್ಯಾಂಟೀನಿನ ಅಂಟು ತಂದು ಅವನೇ ಹಚ್ಚಿದ್ದ ಕಾಗದ, ಹಂಡೆಯ ಉಗಿಗೆ ಮೆಲ್ಲಗೆ ಬಿಚ್ಚಿಕೊಂಡಿತು. ಅವನು ಒದ್ದೆ ಮೈಗೇ ಅಂಗಿ ಹಾಕಿಕೊಂಡು ಹರಿಹರದ ಬಸ್ಸು ಹತ್ತಿದ, ನೇರ ಭರಮಣ್ಣನವರ ಮುಂದೆ ಹೋಗಿ ನಿಂತು ವಿಷಯ ಹೇಳಿದ.

“ನಮ್ಮ ಮುಂದೆ ಒಮ್ಮೆನಾದ್ರೂ ಬಿಚ್ಚೇತೇನ್ರಿ?” ಭರಮಣ್ಣ ಕೇಳಿದರು. “ಇಲ್ಲಿ ನಿಂತದ್ದು ಅಲ್ಲಿ ಯಾಕ ಬೀಳ್ತೈತೆ?”

“ಅಲ್ಲಿ ಹವಾ ತೇವ ಐತ್ರಿ, ಸರ್.”

“ಶುಭ ಕೆಲಸಕ್ಕೆ ಅಡ್ಡ ಮಾತಾಡಬ್ಯಾಡ್ರಿ.”

ಈವರೆಗೆ ತಪ್ಪದ್ದು ಇನ್ನೆಂದೂ ತಪ್ಪುವುದಿಲ್ಲವೆಂದು ನಂಬಿದವರಿಗೆ ಏನು ಹೇಳುವುದು? ಮಲ್ಲೇಶಪ್ಪ ಅಂಚೆ ಕಚೇರಿಗೆ ಓಡಿ ಟ್ರಂಕ್ ಕಾಲ್ ಬುಕ್ ಮಾಡಿದ. ಮಧ್ಯಾಹ್ನದ ಹೊತ್ತಿಗೆ ಲೈನ್ ಸಿಕ್ಕಿತು.

“ಲಿಂಗಣ್ಣ, ಆ ತೇಪೆ...”

“ನೋಡಿದೆ ಬಿಡಣ್ಣ. ಇಲ್ಲಿ ಒಗೆದ ಅಂಗಿನೂ ಒಣಗಂಗಿಲ್ಲ. ತೇಪೆ ತುದಿ ಎದ್ದಿತ್ತು. ಎಂಜಲು ಹಚ್ಚಿ ಒತ್ತಿದೀನಿ, ಚೆನ್ನಾಗಿ ಕೂತೈತೆ. ಪಟ್ಟಿ ಶುರು ಮಾಡ್ತಾರಂತೆ, ಕರೀತಿದಾರೆ. ಬರ್ತೀನಿ.”

“ಹೋಗಬ್ಯಾಡ,” ಎಂದು ಮಲ್ಲೇಶಪ್ಪ ಕೂಗುವಷ್ಟರಲ್ಲಿ ಅತ್ತ ಫೋನ್ ಇಟ್ಟಾಗಿತ್ತು. ಮತ್ತೆ ಲೈನ್ ಕೊಡಿರೆಂದು ಆಪರೇಟರನ್ನು ಗೋಗರೆದ. ಸಂಜೆಯವರೆಗೂ ಅತ್ತ ಗಂಟೆ ಹೊಡೆದುಕೊಳ್ಳುತ್ತಲೇ ಇತ್ತು. ಯಾರೂ ಎತ್ತಲಿಲ್ಲ.