ಕರಿಮುಸುಕಿನ ಬಾಯಿ

ಪಂಚಪಡೆ ಎಂದರೆ ಐವರು. ಕಾಮಿಕ್ಸ್ ಪುಸ್ತಕದಲ್ಲಿ ಪಡೆ ಕಟ್ಟಿದವಳು ಸುಳಿಗಾಳಿ. ಕರಿಮುಸುಕು ನಡುವೆ ಬಂದು ಸೇರಿಕೊಂಡವನು. ಓದುವವರಿಗೆ ಅವನ ಮೇಲೆ ಅದೇನು ಹುಚ್ಚು ಹಿಡಿಯಿತೋ, ಸಿನಿಮಾ ಆಗುವ ಹೊತ್ತಿಗೆ ಪೋಸ್ಟರ್ ತುಂಬ ಅವನೇ. ಉಳಿದ ನಾಲ್ವರು ಅವನ ಹೆಗಲ ಹಿಂದಿನಿಂದ ಇಣುಕುತ್ತಿದ್ದರು.

ಅವನಿಗೆ ದನಿ ಕೊಡುವವರು ನನ್ನ ಗಂಡ. ಸುಳಿಗಾಳಿಗೆ ನಾನು. ಮುಸುಕಿನೊಳಗೆ ತುಟಿ ಕಾಣುವುದಿಲ್ಲವಲ್ಲ, ಶೂಟಿಂಗ್ ಮುಗಿದ ಮೇಲೂ ಅವನಿಂದ ಏನು ಬೇಕಾದರೂ ಆಡಿಸಬಹುದು. ಹಾಗಾಗಿ ಯಾರ ಮಾತು ಚೆನ್ನಾಗಿದೆಯೋ ಅದನ್ನು ಕಿತ್ತು ಅವನಿಗೆ ಕೊಡುತ್ತಾರೆ. ಆಡಿದವರ ಮುಖ ಕತ್ತರಿಸಿ ಮುಸುಕು ತೋರಿಸಿದರೆ ಮುಗಿಯಿತು.

ಈ ಸಲದ ಸಿನಿಮಾದಲ್ಲಿ ಸುಳಿಗಾಳಿ ಸಾಯುತ್ತಾಳೆ. ಅವಳಿಗೆ ಉಳಿದದ್ದು ಒಂದೇ ಮಾತು: 'ಕೊನೇ ಮಗು ದಾಟೋವರೆಗೂ ಸೇತುವೆ ಬಿಡಬೇಡಿ.' ಅದರ ಮೇಲೂ ಡೈರೆಕ್ಟರ್ ಕಣ್ಣು ಬಿದ್ದಿದೆ ಎಂದು ಗೊತ್ತಾದಾಗಿನಿಂದ ನನಗೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ.

'ನಿನ್ನಾಣೆ ಕಣೇ, ಆ ಮಾತು ನಾನು ಹೇಳಲ್ಲ,' ಎಂದಿದ್ದರು ಗಂಡ, ಬೆಳಿಗ್ಗೆ ಶರ್ಟಿನ ಗುಂಡಿ ಹಾಕಿಕೊಳ್ಳುತ್ತ.

ಸ್ಟುಡಿಯೋದಲ್ಲಿ ಅವರು ಮೈಕಿನ ಮುಂದೆ. ನಾನು ಗಾಜಿನಾಚೆ, ಬೆಂಚಿನ ತುದಿಯಲ್ಲಿ.

'ಸುಳಿಗಾಳಿ ಮಾತೂ ನೀವೇ ಹೇಳ್ಬಿಡಿ ಸಾರ್,' ಎಂದ ಡೈರೆಕ್ಟರ್. 'ಜನ ಶಿಳ್ಳೆ ಹೊಡೆಯೋದು ನಿಮ್ಮ ದನಿಗೇ.'

ಗಂಡ ನನ್ನತ್ತ ನೋಡಿದರು. ಕತ್ತು ಕೆರೆದುಕೊಂಡರು.

'ಒಂದ್ಸಲ ಹೇಳಿ ನೋಡ್ತೀನಿ.'

ಕೆಟ್ಟದಾಗಿ ಹೇಳಲಿ ದೇವರೇ ಎಂದುಕೊಂಡೆ. ಹಾಳಾದ್ದು, ಎಷ್ಟು ಚೆನ್ನಾಗಿ ಹೇಳಿದರು! ನನ್ನ ಮೈಯೇ ಜುಮ್ಮೆಂದಿತು. ಅದೇ ನನ್ನ ಹೊಟ್ಟೆಗೆ ಬೆಂಕಿ ಹಾಕಿದ್ದು.

'ಒಂದೇ ಟೇಕಿಗೆ ಓಕೆ ಆಯ್ತು ಕಣೇ!' ಎನ್ನುತ್ತ ಹೊರಬಂದವರು ನನ್ನ ಮುಖ ಕಂಡು ನಾಲಿಗೆ ಕಚ್ಚಿಕೊಂಡರು. ಆಣೆ ಇಟ್ಟದ್ದು ಆಗಷ್ಟೇ ನೆನಪಾಗಿರಬೇಕು.

'ಬನ್ನಿ ಮೇಡಂ,' ಡೈರೆಕ್ಟರ್ ಕರೆದ. 'ನಿಮ್ದು ಬರೀ ಕೊನೆಯುಸಿರು. ಎರಡು ನಿಮಿಷದ ಕೆಲಸ.'

ಪರದೆಯ ಮೇಲೆ ಸುಳಿಗಾಳಿ ಸೇತುವೆಯ ಹಗ್ಗ ಹಿಡಿದೇ ಕುಸಿಯುತ್ತಿದ್ದಳು. ಎಷ್ಟು ವರ್ಷ ಅವಳಿಗಾಗಿ ಕೂಗಿದ್ದೇನೆ, ನಕ್ಕಿದ್ದೇನೆ. ಉಸಿರೆಳೆದು ಬಿಟ್ಟೆ.

'ಇನ್ನೊಂದ್ಸಲ ಮೇಡಂ. ಸಿಟ್ಟು ಜಾಸ್ತಿ ಆಯ್ತು. ಅವಳು ಸಾಯ್ತಿದ್ದಾಳೆ.'

'ಸಾಯೋಳಿಗೆ ಸಿಟ್ಟು ಬರಬಾರ್ದಾ?'

ಗಾಜಿನಾಚೆ ಗಂಡ ತಲೆ ತಗ್ಗಿಸಿದರು. ಡೈರೆಕ್ಟರ್ ನನ್ನ ಉಸಿರನ್ನು ಮತ್ತೊಮ್ಮೆ ಹಾಕಿಸಿ ಕೇಳಿದ. ಆಮೇಲೆ ಸಿನಿಮಾಕ್ಕೆ ಅದನ್ನೇ ಇಟ್ಟುಕೊಂಡ.