ಆಮಾರೊನ ಬಲಗಾಲು

ಆಮಾರೊ ಬಲಗಾಲನ್ನು ನೆಲಕ್ಕೆ ಊರಲೇ ಇಲ್ಲ. ಮಂಚದಿಂದ ಇಳಿಸಿದ ಕೂಡಲೇ ಕೊಕ್ಕರೆಯ ಹಾಗೆ ಕಾಲೆತ್ತಿಕೊಂಡು ಅಜ್ಜಿಯ ಲಂಗ ಹಿಡಿದು ನಿಂತ. ಆಮೇಲೆ ಮೆಲ್ಲಗೆ ಕುಂಡೆಯೂರಿ ಕೂತುಬಿಟ್ಟ. ಅತ್ತಿದ್ದರೆ ಒಂದು ಲೆಕ್ಕ. ಅಳಲೂ ಇಲ್ಲ.

ಎದೆಲ್ಮಿರಾ ಮೊಮ್ಮಗನನ್ನು ಮತ್ತೊಮ್ಮೆ ಎತ್ತಿ ನಿಲ್ಲಿಸಿದಳು. ಮತ್ತೆ ಅದೇ ಕತೆ. ಅಡುಗೆಮನೆಯ ಬಾಗಿಲಿಗೆ ಹೋಗಿ ಬೆಣ್ಣೆ ಸವರಿದ ಬ್ರೆಡ್ಡಿನ ತುಂಡು ತೋರಿಸಿದಳು. ಚಳಿಗಾಲದಿಂದ ಬರೀ ಓಡಿಕೊಂಡೇ ಇದ್ದ, ಎರಡು ವರ್ಷ ಇನ್ನೂ ತುಂಬದ ಪೋರ, ಬ್ರೆಡ್ಡಿನ ಆಸೆಗೆ ಅಂಬೆಗಾಲಿಟ್ಟುಕೊಂಡು ಬಂದ.

"ಯಾಸ್ನಾ, ಬಾರೇ ಇಲ್ಲಿ! ನಿನ್ನ ಮಗ ಮತ್ತೆ ಕೂಸಾಗಿದಾನೆ ನೋಡು."

ಬೇಕರಿ ಕೆಲಸಕ್ಕೆ ಹೊರಟಿದ್ದ ಯಾಸ್ನಾ ತಲೆಗೆ ಕಟ್ಟಿದ್ದ ಬಟ್ಟೆ ಬಿಚ್ಚಿ ಮಗನೆದುರು ಮಂಡಿಯೂರಿದಳು. ಬೆರಳುಗಳನ್ನು ಒಂದೊಂದಾಗಿ ಹಿಚುಕಿದಳು. ಬಾವಿಲ್ಲ, ಕಂದಿಲ್ಲ, ಮುಳ್ಳಿಲ್ಲ. ಬೂಟು ಕೊಡವಿದರೆ ಮರಳು ಉದುರಿತು, ಕಲ್ಲೇನೂ ಸಿಗಲಿಲ್ಲ.

"ದೃಷ್ಟಿ ಕಣೇ," ಎಂದಳು ಎದೆಲ್ಮಿರಾ. "ನಿನ್ನೆ ಆ ಮೀನಂಗಡಿಯವಳು ಇವನ ಕೆನ್ನೆ ಹಿಂಡಿದಾಗಲೇ ನನ್ನೆದೆ ಧಸಕ್ಕಂತು. ಕೈಗೊಂದು ಕೆಂಪು ದಾರ ಕಟ್ಟು ಅಂತ ಬಡ್ಕೊಂಡೆ. ಕೇಳಿದ್ಯಾ?"

"ದೃಷ್ಟಿ ಒಂದೇ ಕಾಲಿಗೆ ತಗಲುತ್ತಾ ಅಮ್ಮಾ?"

ಕೊನೆಗೆ ಮಗುವನ್ನೇ ವಿಚಾರಣೆಗೆ ಕೂರಿಸಿದರು. ಎಲ್ಲಿ ನೋವು ಎಂದರೆ ಬೆಕ್ಕಿನ ಕಡೆ ಬೆರಳು ತೋರಿಸಿದ. ಬಿದ್ಯಾ ಪುಟ್ಟಾ? ಹೂಂ. ಬೀಳಲಿಲ್ವಾ? ಹೂಂ. ತಾತ ಬೀಳಿಸಿದ್ರಾ? ಹೂಂ. ಅಜ್ಜಿ ಬೀಳಿಸಿದ್ಳಾ? ಹೂಂ. ಇಂಥ ಸಾಕ್ಷಿಯನ್ನು ಕಟ್ಟಿಕೊಂಡು ಯಾವ ನ್ಯಾಯಾಧೀಶ ತಾನೇ ಏನು ಮಾಡಿಯಾನು!

ಆದರೆ ಯಾಸ್ನಾಳ ಕಿವಿಗೆ ಬಿದ್ದದ್ದು ತಾತನ ಹೆಸರಿಗೆ ಬಂದ ಹೂಂ ಮಾತ್ರ. ಅವಳ ಗಂಡ ಉತ್ತರದ ತಾಮ್ರದ ಗಣಿಯಲ್ಲಿದ್ದ. ಹದಿನೈದು ದಿನ ಅಲ್ಲಿ, ಹದಿನೈದು ದಿನ ಇಲ್ಲಿ. ಹಾಗಾಗಿ ಮಗು ಬೆಳಿಗ್ಗೆ ಎದೆಲ್ಮಿರಾಳ ಪಾಲಿಗೆ, ಮಧ್ಯಾಹ್ನ ಮಾವ ನಿಬಾಲ್ದೊನ ಪಾಲಿಗೆ. ಮಾವನ ಮನೆ ಅದೇ ಗುಡ್ಡದಲ್ಲಿ ಮೆಟ್ಟಿಲಿಳಿದರೆ ಸಿಗುತ್ತಿತ್ತು. ಬರೀ ಗುಡ್ಡ, ಮೆಟ್ಟಿಲುಗಳ ಊರಾದ ವಾಲ್ಪರೈಸೊದಲ್ಲಿ ಕಾಲು ಉಳುಕಿದರೆ ಹೇಗಾಯಿತು ಎಂದು ಯಾರೂ ಕೇಳುವುದಿಲ್ಲ, ಯಾವ ಮೆಟ್ಟಿಲು ಎಂದು ಕೇಳುತ್ತಾರೆ. ನಿಬಾಲ್ದೊ ಅಂಥ ಮೆಟ್ಟಿಲ ಮೇಲೆ ಮೊಮ್ಮಗನನ್ನು ತನ್ನಷ್ಟಕ್ಕೆ ಇಳಿಯಲು ಬಿಟ್ಟು, ಕೈ ಹಿಂದೆ ಕಟ್ಟಿಕೊಂಡು ಬರುತ್ತಿದ್ದ. ಅದನ್ನು ನೋಡಿದಾಗಲೆಲ್ಲ ಎದೆಲ್ಮಿರಾಳ ಹೊಟ್ಟೆಗೆ ಬೆಂಕಿ ಬೀಳುತ್ತಿತ್ತು.

ಸುದ್ದಿ ಕೇಳಿ ನಿಬಾಲ್ದೊ ಏದುಸಿರು ಬಿಡುತ್ತ ಹತ್ತಿ ಬಂದ. ದೊಡ್ಡ ದೇಹ, ದೊಡ್ಡ ಮೀಸೆ. ಎಷ್ಟೋ ವರ್ಷ ಗುಡ್ಡದ ಇಳಿಜಾರಿನಲ್ಲಿ ಹಳಿಯ ಮೇಲೆ ಓಡುವ ಲಿಫ್ಟು ನಡೆಸಿ ಜನರನ್ನು ಹತ್ತಿಸಿ ಇಳಿಸಿದವನಿಗೆ ಈಗ ತಾನು ಹತ್ತುವುದೇ ಕಷ್ಟ.

"ಏನಯ್ಯಾ ಕ್ಯಾಪ್ಟನ್, ಕಾಲಿಗೆ ರಜಾ ಕೊಟ್ಟಿದ್ದೀಯಂತೆ?"

"ನಗಬೇಡಿ ಬೀಗರೇ," ಎಂದಳು ಎದೆಲ್ಮಿರಾ. "ಬಿದ್ರೆ ತಾನೇ ಏಳ್ತಾನೆ ಅಂತಿದ್ರಲ್ಲ, ಎಬ್ಬಿಸಿ ನೋಡೋಣ."

ಆಸ್ಪತ್ರೆಯಲ್ಲಿ ಬೆಳಕಿನ ಪೆಟ್ಟಿಗೆಯ ಮೇಲೆ ಎಕ್ಸ್‌ರೇ ಅಂಟಿಸಿದರು. ಮೊಣಕಾಲಿನ ಕೆಳಗಿನ ಮೂಳೆಯಲ್ಲಿ ಕೂದಲೆಳೆಯಷ್ಟು ಸಣ್ಣ ಗೆರೆ, ಓರೆಯಾಗಿ ಸುತ್ತಿಕೊಂಡು ಇಳಿದಿತ್ತು. ಯಾಸ್ನಾ ಮೂಗು ತಾಗುವಷ್ಟು ಹತ್ತಿರ ಹೋಗಿ ನೋಡಿದಳು. ತನ್ನ ಮಗನ ಒಳಗನ್ನು ಅವಳು ಕಂಡದ್ದು ಅದೇ ಮೊದಲು. ಆಮೇಲೆ ಮಾವನ ಕಡೆ ತಿರುಗಿದಳು.

"ನಿನ್ನೆ ಏನಾಯ್ತು ಮಾವ? ನಿಜ ಹೇಳಿ."

"ನಿದ್ದೆಗಣ್ಣಲ್ಲಿದ್ದ ಅಂತ ಎತ್ಕೊಂಡೇ ಇದ್ದೆ. ಮೀನಂಗಡಿ ಹತ್ರ ಕೊನೇ ಮೆಟ್ಟಿಲಲ್ಲಿ ಇಳಿಸಿದಾಗ ಕುಕ್ಕರಿಸಿ ಕೂತ. ಬಿದ್ದ ಅನ್ನೋಕಾಗಲ್ಲಮ್ಮಾ, ಕೂತ. ನಾನೇ ನಕ್ಕೆ..." ಎಂದ ನಿಬಾಲ್ದೊ. ಟೋಪಿಯನ್ನು ಕೈಯಲ್ಲಿ ತಿರುವಿದ. "ಅದೇ ಇರಬೇಕು. ನಂದೇ ತಪ್ಪು."

"ಇನ್ನು ನಿಮ್ಮ ಹತ್ರ ಬಿಡಲ್ಲ. ಮಧ್ಯಾಹ್ನ ಶಿಶುವಿಹಾರಕ್ಕೆ ಹಾಕ್ತೀನಿ."

ಹೆಂಡತಿ ತೀರಿದ ಮೇಲೆ ಆ ಮುದುಕನ ಬದುಕಿನಲ್ಲಿ ಉಳಿದದ್ದೇ ಆ ಮಧ್ಯಾಹ್ನಗಳು. ಗುಡ್ಡಕ್ಕೆಲ್ಲ ಗೊತ್ತಿದ್ದ ವಿಷಯ. ಆದರೂ ಅವನು ಹೊರಗಿನ ಬೆಂಚಿನ ಮೇಲೆ ಹೋಗಿ ಕೂತ. ಯಾಸ್ನಾ ಗಂಡನಿಗೆ ಫೋನ್ ಮಾಡಲು ಅಂಗಳಕ್ಕೆ ಹೋದಳು. ಪ್ಲಾಸ್ಟರ್ ಪಟ್ಟಿ ಹಾಕುವಾಗ ಮಗುವನ್ನು ಹಿಡಿದುಕೊಂಡಿರಲು ಉಳಿದವಳು ಎದೆಲ್ಮಿರಾ ಒಬ್ಬಳೇ.

ಡಾಕ್ಟರು ಚಿಕ್ಕ ವಯಸ್ಸಿನವಳು. ಒದ್ದೆ ಪಟ್ಟಿ ಸುತ್ತುತ್ತ ಸುಮ್ಮನೆ ಮಾತಿಗೆಂಬಂತೆ ಕೇಳಿದಳು: "ಜಾರುಬಂಡೆ ಆಡಿದ್ನಾ ಅಮ್ಮಾ, ಯಾರದಾದ್ರೂ ಮಡಿಲಲ್ಲಿ ಕೂತು?"

"ಯಾಕೆ?" ಎಂದಳು ಎದೆಲ್ಮಿರಾ.

"ಇಂಥ ಸುತ್ತುಗೆರೆ ನೋಡಿದಾಗೆಲ್ಲ ಕೇಳ್ತೀನಿ. ಮಗು ಒಂದೇ ಜಾರಿದ್ರೆ, ಬೂಟು ಅಂಚಿಗೆ ಸಿಕ್ಕಿಕೊಂಡ್ರೆ, ಅಲ್ಲೇ ನಿಂತುಬಿಡುತ್ತೆ. ದೊಡ್ಡೋರ ಮಡಿಲಲ್ಲಿದ್ರೆ ಅವರ ಭಾರಾನೂ ಸೇರಿ ಎಳೆಯುತ್ತೆ. ಪಾದ ಅಲ್ಲೇ, ಮೈ ಮುಂದೆ. ಮೂಳೆ ತಿರುಚಿಕೊಳ್ಳುತ್ತೆ."

"ಮತ್ತೆ ಶಬ್ದ ಬರಬೇಕಲ್ವಾ? ಮೂಳೆ ಮುರಿದ್ರೆ ಕೇಳಿಸಲ್ವಾ?"

"ಇಷ್ಟು ಎಳೇದು ಎಲ್ಲಿ ಕೇಳಿಸುತ್ತೆ! ಹೆದರಬೇಡಿ, ಬೇಗ ಕೂಡ್ಕೊಳ್ಳುತ್ತೆ. ಮಗು ಬೀಳಬಾರದು ಅಂತ ಪ್ರೀತಿಯಿಂದ ಮಾಡಿರ್ತಾರೆ, ಪಾಪ."

ನಿನ್ನೆ ಬೆಳಿಗ್ಗೆ ಚೌಕದ ಜಾರುಬಂಡೆಯಲ್ಲಿ ಹುಡುಗ ಒಬ್ಬನೇ ಜಾರುತ್ತೇನೆಂದು ಹಠ ಹಿಡಿದಿದ್ದ. ತಾತ ಕಲಿಸಿದ ಕೆಟ್ಟ ಚಾಳಿ ಎಂದು ಬೈದು, ಲಂಗ ಮಡಚಿಕೊಂಡು, ಮಡಿಲಲ್ಲಿ ಕೂರಿಸಿ, ಎರಡೂ ಕೈಯಿಂದ ಬಿಗಿಯಾಗಿ ತಬ್ಬಿ ಜಾರಿದ್ದಳು ಎದೆಲ್ಮಿರಾ. ಕೆಳಗೆ ಬಂದಾಗ ಅವನು ಚೀರಿದ್ದ. ಇನ್ನೊಂದು ಸಲ ಬೇಕು ಅಂತ ಕಿರುಚುತ್ತಾನೆ ಅಂದುಕೊಂಡು ಅವಳು ನಕ್ಕಿದ್ದಳು. ಸಮಾಧಾನವಾಗುವವರೆಗೆ ಹೊತ್ತು ತಿರುಗಿದ್ದಳು. ಅಯ್ಯೋ ದೇವರೇ, ನಕ್ಕಿದ್ದಳು! ಈಗ ಅವಳ ಕೈಯಲ್ಲೇ ಇದ್ದ ಆ ಪುಟ್ಟ ಪಾದ ತಣ್ಣಗಿತ್ತು. ಹುಡುಗ ತನ್ನ ಕಾಲು ಬಿಳಿಯಾಗುವುದನ್ನು ಬಾಯಿ ತೆರೆದು ನೋಡುತ್ತಿದ್ದ.

"ನೆನಪಿಲ್ಲಮ್ಮಾ," ಎಂದಳು ಡಾಕ್ಟರಿಗೆ.

ಹೊರಗೆ ಬಂದಾಗ ನಿಬಾಲ್ದೊ ಬೆಂಚಿನಿಂದ ಎದ್ದ. "ನೀವು ಹೇಳಿದ್ದೇ ಸರಿ ಬೀಗಿತಿ. ನಾನು ಅವನ ಕೈ ಹಿಡ್ಕೋಬೇಕಿತ್ತು." ಎಂದೂ ಅವಳ ಮಾತಿಗೆ ಹೂಂ ಎಂದವನಲ್ಲ. ಗೆದ್ದವಳು ಅವನ ಮುಖ ನೋಡದೆ ಮುಂದೆ ನಡೆದಳು. ಗುಡ್ಡ ಹತ್ತುವ ಬಾಡಿಗೆ ಕಾರಿನಲ್ಲಿ ಮೂವರೂ ಕಿಟಕಿಯಾಚೆ ನೋಡುತ್ತ ಕೂತರು. ಹೇಳಿದರೆ ಮಗು ತನ್ನ ಕೈಯಿಂದ ಹೋಗುತ್ತದೆ, ಎಂದುಕೊಂಡಳು ಎದೆಲ್ಮಿರಾ. ಹೇಳದಿದ್ದರೆ ಯಾರಿಗೂ ಏನೂ ತಿಳಿಯುವುದಿಲ್ಲ.

ಸಂಜೆಯ ಚಹಾದ ಹೊತ್ತಿಗೆ ಬಾಗಿಲು ತಟ್ಟಿದ ಸದ್ದು. ನಿಬಾಲ್ದೊ ಒಂದು ಚೀಲ ಹಿಡಿದು ಹೊಸ್ತಿಲಾಚೆಯೇ ನಿಂತಿದ್ದ. ಮೊಮ್ಮಗನ ಕಂಬಳಿ, ಅವನು ಬಡಿದು ಬಡಿದು ನೆಗ್ಗಿಸಿದ ಪಾತ್ರೆ, ಒಂದು ಒಂಟಿ ಕಾಲುಚೀಲ. "ನನ್ನ ಮನೇಲಿ ಯಾಕೆ ಅಂತ ತಂದೆ," ಎಂದ. "ಈ ಪಾತ್ರೆ ಇಲ್ದೆ ಅವನು ಊಟ ಮಾಡಲ್ಲ."

ಎದೆಲ್ಮಿರಾ ಬ್ರೆಡ್ಡು ಕೊಯ್ಯುತ್ತಿದ್ದ ಚಾಕು ಕೆಳಗಿಟ್ಟಳು.

"ನಾನು ಕಣೇ ಯಾಸ್ನಾ."

"ಏನು ನೀನು?"

"ಕಾಲು ಮುರಿದದ್ದು ನಾನು. ಜಾರುಬಂಡೆ ಮೇಲೆ ಮಡಿಲಲ್ಲಿ ಕೂರಿಸ್ಕೊಂಡಿದ್ದೆ. ಕಾಲು ಸಿಕ್ಕಿಕೊಂಡಿದೆ, ನಂಗೆ ಗೊತ್ತಾಗಲಿಲ್ಲ. ಡಾಕ್ಟರು ಕೇಳಿದ ಮೇಲೆ ಗೊತ್ತಾಯ್ತು. ನಿಮ್ಮ ಮಾವಂದು ಏನೂ ಇಲ್ಲ."

ಯಾಸ್ನಾಳ ಬಟ್ಟಲು ತುಟಿಯ ಹತ್ತಿರವೇ ನಿಂತಿತು. "ಆಸ್ಪತ್ರೆಯಿಂದ ಇಲ್ಲೀವರೆಗೂ ಬಾಯಿ ಮುಚ್ಕೊಂಡು ಕೂತಿದ್ಯಾ ಅಮ್ಮಾ? ಈ ಮನುಷ್ಯ ತಪ್ಪಾಯ್ತು ತಪ್ಪಾಯ್ತು ಅಂತಿರುವಾಗ?"

"ಕೂತಿದ್ದೆ. ಇವನು ನನ್ನ ಕೈ ತಪ್ಪಿ ಹೋಗ್ತಾನೆ ಅಂತ ಭಯ ಆಯ್ತು."

ನಿಬಾಲ್ದೊ ಕೆಮ್ಮಿದ. "ನಾನೂ ಮಡಿಲಲ್ಲಿ ಕೂರಿಸ್ಕೊಂಡೇ ಜಾರಬೇಕು ಅಂತಿದ್ದೆ ಕಣಮ್ಮಾ," ಎಂದ. "ಆ ಜಾರುಬಂಡೆಯೊಳಗೆ ನನ್ನ ಕುಂಡೆ ಹಿಡಿಸಲಿಲ್ಲ, ಅಷ್ಟೆ."

ಯಾಸ್ನಾ ಫಕ್ಕನೆ ನಕ್ಕಳು. ನಕ್ಕದ್ದೇ ಅಳುವಾಗಿ ತಿರುಗಿತು. ಅಳುತ್ತಲೇ ಎದ್ದು ಚೀಲವನ್ನು ಮಾವನ ಕೈಗೆ ತುರುಕಿದಳು. "ನಾಳೆ ಮಧ್ಯಾಹ್ನ ಇವನನ್ನ ಕಳಿಸ್ತೀನಿ, ಇದನ್ನ ವಾಪಸ್ ತಗೊಂಡ್ಹೋಗಿ." ತಾಯಿಯ ಕಡೆ ಮಾತ್ರ ತಿರುಗಿ ನೋಡಲಿಲ್ಲ.

ಬೆಳಿಗ್ಗೆ ಕೆಲಸಕ್ಕೆ ಹೊರಟವಳು ಮಗನನ್ನು ಸೊಂಟದ ಮೇಲಿಟ್ಟುಕೊಂಡು ಬಾಗಿಲ ಬಳಿ ನಿಂತಳು. ಎಷ್ಟೋ ಹೊತ್ತು ಹಾಗೇ ನಿಂತಿದ್ದಳು. ಎದೆಲ್ಮಿರಾ ಕೇಳಲು ಧೈರ್ಯವಿಲ್ಲದೆ ಒಲೆ ಒರೆಸುತ್ತಿದ್ದಳು, ಒರೆಸಿದ ಕಡೆಯೇ ಮತ್ತೆ ಒರೆಸುತ್ತಿದ್ದಳು.

"ಪಟ್ಟಿ ನೆನೀಬಾರದು," ಎಂದಳು ಯಾಸ್ನಾ. ಮಗನನ್ನು ನೆಲದ ಮೇಲೆ ಕೂರಿಸಿ ಹೊರಟುಹೋದಳು.

ಆಮಾರೊ ಬಾಗಿಲನ್ನು ನೋಡಿದ, ಅಜ್ಜಿಯನ್ನು ನೋಡಿದ. ಪಟ್ಟಿಯ ಕಾಲು ಎಳೆದುಕೊಂಡು ಹಲಗೆ ನೆಲದ ಮೇಲೆ ತೆವಳುತ್ತ ಕುರ್ಚಿಯ ಹತ್ತಿರ ಹೋದ. ಕುರ್ಚಿಯ ಕಾಲು ಹಿಡಿದು ಏಳಲು ಹೊರಟ. ಕುರ್ಚಿ ಸ್ವಲ್ಪ ಸರಿಯಿತು. ಹಿಡಿಯಲು ಮುಂದೆ ಬಂದ ಎದೆಲ್ಮಿರಾ ತನ್ನನ್ನು ತಾನೇ ತಡೆದುಕೊಂಡು, ಪಕ್ಕದ ಮಣೆಯ ಮೇಲೆ ಕೂತು, ಎರಡೂ ಕೈಗಳನ್ನು ತೊಡೆಯಡಿಗೆ ತೂರಿಸಿಕೊಂಡಳು.

ಅವನು ತೂರಾಡುತ್ತ ಎದ್ದು ನಿಂತ. ಪಟ್ಟಿಯ ಕಾಲಿನಿಂದ ನೆಲವನ್ನೊಮ್ಮೆ ಕುಟ್ಟಿ, ಬಂದ ಸದ್ದಿಗೆ ಕಿವಿಗೊಟ್ಟ. ಮತ್ತೆ ಕುಟ್ಟಿದ. ಎದೆಲ್ಮಿರಾ ಕೈ ಹೊರತೆಗೆಯಲಿಲ್ಲ.