ನೆಟ್ಟಗಿನ ಹೊಲಿಗೆ

"ಲೇ ಕುರುಡಿ, ಇದನ್ನ ನೋಡೇ ಪಾಸ್ ಮಾಡಿದ್ಯಾ? ಹಾವು ಹರಿದಂಗಿದೆ ಹೊಲಿಗೆ."

ಸೂಪರ್‌ವೈಸರ್ ಎಸೆದ ಅಂಗಿ ದೊಡ್ಡಕ್ಕನ ಮುಖಕ್ಕೆ ಬಡಿದು ಮಡಿಲಿಗೆ ಬಿತ್ತು. ನಾವು ಹೊಲಿದ ಅಂಗಿಗಳನ್ನು ದೀಪದ ಕೆಳಗೆ ಹರವಿ ತಪ್ಪು ಹುಡುಕುವುದು ಅವಳ ಕೆಲಸ. ಅಂಗಿಯನ್ನು ಮೆಲ್ಲಗೆ ಮಡಚಿಟ್ಟು, ತಪ್ಪಾಯ್ತು ಸಾರ್ ಎಂದಳು.

ತಪ್ಪು ಅವಳದಾಗಿರಲಿಲ್ಲ. ಹಳೆಯ ಸಕ್ಕರೆ ಕಾಯಿಲೆ ಅವಳ ಕಣ್ಣಿನ ಹಿಂಪರದೆಯಲ್ಲಿ ನೀರು ತುಂಬಿಸಿತ್ತು. ನೆಟ್ಟಗಿನ ಗೆರೆ ಅವಳಿಗೆ ಅಲೆಅಲೆಯಾಗಿ ಕಾಣುತ್ತಿತ್ತು. ಚೆನ್ನಾಗಿ ಹೊಲಿದ ಅಂಗಿಗಳೇ ವಾಪಸ್ ಬರುತ್ತಿದ್ದವು. ಅವಳ ಮನಸ್ಸು ನೋಯದಿರಲೆಂದು ಸ್ವಲ್ಪ ಹೊತ್ತು ಇಟ್ಟುಕೊಂಡು, ಬಿಚ್ಚಿ ಹೊಲಿದವರ ಹಾಗೆ ಅದನ್ನೇ ಮತ್ತೆ ಕೊಡುತ್ತಿದ್ದೆವು. ಕಾಲರ್ ಹೊಲಿಯುವ, ನಾವೆಲ್ಲ ಗಯ್ಯಾಳಿ ಎಂದೇ ಕರೆಯುವವಳಿಗೆ ಮಾತ್ರ ಒಂದು ದಿನ ತಾಳ್ಮೆ ಕೆಟ್ಟಿತು. ಅಕ್ಕನ ಕಣ್ಣಿಗೆ ನೆಟ್ಟಗೆ ಕಾಣಲಿ ಎಂದು ಬೇಕಂತಲೇ ಸೊಟ್ಟಗೆ ಹೊಲಿದು ಕೊಟ್ಟಳು. ಎಷ್ಟು ಲಕ್ಷಣವಾಗಿದೆ ನೋಡು ಎಂದು ಅಕ್ಕ ಹೊಗಳಿ ಪಾಸ್ ಮಾಡಿದಳು. ಮುಖಕ್ಕೆ ಬಡಿದದ್ದು ಅದೇ ಅಂಗಿ.

ಮಾರನೆಯ ದಿನವೇ ಗಯ್ಯಾಳಿ ಅಕ್ಕನನ್ನು ಕಣ್ಣಿನ ಆಸ್ಪತ್ರೆಗೆ ಎಳೆದುಕೊಂಡು ಹೋದಳು. ತಿಂಗಳಿಗೊಮ್ಮೆ ಕಣ್ಣಿಗೇ ಸೂಜಿ. ಮೊದಮೊದಲ ಸೂಜಿಗಳಿಗೆ ಆ ನೀರು ಜಗ್ಗಲಿಲ್ಲ. ಎಲ್ಲರ ಕಣ್ಣೂ ಒಂದೇ ಥರ ಮಾತು ಕೇಳುವುದಿಲ್ಲ ಎಂದ ಡಾಕ್ಟರಮ್ಮ ಔಷಧಿ ಬದಲಿಸಿದರು. ನನ್ನ ಕಣ್ಣೂ ನನ್ನ ಗಂಡನ ಥರವೇ, ಮೊದಲ ಸಲ ಕರೆದರೆ ಏಳುವುದಿಲ್ಲ ಎಂದು ಅಕ್ಕ ಅವರನ್ನು ನಗಿಸಿದಳಂತೆ.

ಹೊಸ ಔಷಧಿಗೆ ಕಣ್ಣು ಎದ್ದಿತು. ಒಂದು ಬೆಳಿಗ್ಗೆ ಅಕ್ಕ ಬಾಗಿಲ ಚೌಕಟ್ಟನ್ನೂ ಕಿಟಕಿಯ ಸರಳುಗಳನ್ನೂ ಕೊನೆಗೆ ಸೂಪರ್‌ವೈಸರ್ ಮುಖವನ್ನೂ ನೋಡಿ, ಗುಂಡಿ ಹಾಕುತ್ತಿದ್ದ ನನ್ನ ಕಿವಿಗೆ ಬಾಯಿಟ್ಟಳು.

"ಎಲ್ಲಾ ನೆಟ್ಟಗಾಗಿದೆ ಕಣೇ. ಇವನ ಮೀಸೆ ಒಂದೇ ಸೊಟ್ಟ. ಅದಕ್ಕೆ ನನ್ನ ಕಣ್ಣು ಕಾರಣ ಅಲ್ಲ."

ನಗು ತಡೆಯಲಾಗದೆ ನಾನು ಸೂಜಿ ಮುರಿದೆ.

ಆಮೇಲೆ ನಿಜವಾದ ತಪ್ಪುಗಳೆಲ್ಲ ಅವಳ ಕೈಗೆ ಸಿಕ್ಕಿಬೀಳತೊಡಗಿದವು. ಗಯ್ಯಾಳಿಯ ಕಾಲರುಗಳು ಸಾಲಾಗಿ ವಾಪಸ್ ಬಂದವು. ಅವಳು ಬೈಯುತ್ತಲೇ ಖುಷಿಯಿಂದ ಬಿಚ್ಚಿ ಹೊಲಿದಳು. ಸರಕು ಹೊತ್ತಿಗೆ ಸರಿಯಾಗಿ ಹೊರಡದೆ ಸೂಪರ್‌ವೈಸರ್ ಮೇಲಿನವರಿಂದ ಬೈಸಿಕೊಂಡ. ನೀನು ಕುರುಡಿಯಾಗಿದ್ದಾಗಲೇ ವಾಸಿಯಿತ್ತು ಮುಂಡೇದೆ ಎಂದ.

ಮುಂದಿನ ಸೂಜಿಯ ದಿನ ಅಕ್ಕ ರಜೆ ಕೇಳಿದಳು. ನಡುವೆ ಬಿಟ್ಟರೆ ಮತ್ತೆ ನೀರು ತುಂಬುತ್ತದೆ ಎಂದು ಸಮಾಧಾನವಾಗಿಯೇ ಹೇಳಿದಳು.

"ತುಂಬಲಿ ಬಿಡು," ಎಂದ ಅವನು. "ನೂಲಿನ ಎಳೆಎಳೆ ಕಾಣ್ಸುತ್ತೆ, ಇನ್ನೆಂಥಾ ಸೂಜಿ? ಹೋದ್ರೆ ಈ ಕಡೆ ಮತ್ತೆ ತಲೆ ಹಾಕ್ಬೇಡ."

ಅಕ್ಕ ದೀಪ ಆರಿಸಿ ಎದ್ದಳು. ಗಯ್ಯಾಳಿಯ ಮಿಷನ್ ನಿಂತಿತು.

"ಸೂಜಿ ಆದ್ಮೇಲೆ ಕೈ ಹಿಡ್ಕೊಂಡು ಕರ್ಕೊಂಡ್ ಬರೋಕೆ ಜನ ಬೇಕು ಸಾರ್. ನಾನೂ ಹೊರಟೆ."

"ಹೋಗಿ ಸಾಯಿ ನೀನೊಬ್ಬಳು."

"ಒಬ್ಬಳ ಕೈಲಿ ಆಗಲ್ಲ ಸಾರ್," ಎಂದು ನಾನೂ ಎದ್ದೆ. "ಅಕ್ಕ ದಪ್ಪ ಇದ್ದಾಳೆ."

ತೋಳು ಹೊಲಿಯುವವರು ಎದ್ದರು. ಜೇಬು ಹಚ್ಚುವವರು ಎದ್ದರು. ಒಂದೊಂದೇ ಮಿಷನ್ ನಿಂತು, ಅಷ್ಟು ದೊಡ್ಡ ಶೆಡ್ಡಿನಲ್ಲಿ ಅವನ ಕೂಗು ಮೊದಲ ಸಲ ಪೂರ್ತಿಯಾಗಿ ಕೇಳಿಸಿತು. ಯಾರೂ ತಿರುಗಿ ನೋಡಲಿಲ್ಲ. ಬಾಗಿಲಲ್ಲಿ ಚಪ್ಪಲಿ ಹುಡುಕುವ ನೂಕುನುಗ್ಗಲಿನ ನಡುವೆ ಅಕ್ಕ, ನಿಧಾನ ಕಣ್ರೇ, ಆಸ್ಪತ್ರೆ ಎಲ್ಲೂ ಓಡಿಹೋಗಲ್ಲ ಎನ್ನುತ್ತಿದ್ದಳು.